ಹದಿನಾಲ್ಕರ ಖಾಲಿ ಖಾನೆ

ಭಾನುವಾರ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಯುವದಳದ ಮೈದಾನದಲ್ಲಿ ಹೊಸದಾಗಿ ಸೇರಲು ಬಂದ ಮಕ್ಕಳು ಸಾಲುಗಟ್ಟಿ ಆಕಳಿಸುತ್ತಿದ್ದಾರೆ. ಸಾಲಿನ ತುದಿಯಲ್ಲೊಂದು ಮಡಚುವ ಕುರ್ಚಿ, ಅದರ ಮೇಲೆ ಶಾಲು ಹೊದ್ದ ಹೆಂಗಸು, ತೊಡೆಯ ಮೇಲೆ ಸದಸ್ಯತ್ವದ ಪುಸ್ತಕ.

"ವಯಸ್ಸೆಷ್ಟೋ ಮರಿ?"

"ಒಂಬತ್ತು."

"ಮುಗಿದಿದ್ದಾ, ನಡೀತಿರೋದಾ?"

ಹುಡುಗ ತಲೆ ಕೆರೆದುಕೊಳ್ಳುತ್ತಾನೆ. "ಅಮ್ಮನ್ನ ಕೇಳ್ಕೊಂಡು ಬರ್ಲಾ?"

"ಬೇಡಪ್ಪಾ, ಮನೆಗೆ ಹೋದ್ರೆ ನೀನು ಮತ್ತೆ ಹೊದ್ಕೊಂಡು ಮಲಗ್ತೀಯ. ಹುಟ್ಟಿದ ವರ್ಷ ಹೇಳು, ಮಿಕ್ಕಿದ್ದು ನಾನು ನೋಡ್ಕೋತೀನಿ."

ಮಕ್ಕಳು ಇವರಿಗಿಟ್ಟ ಹೆಸರು ವಯಸ್ಸಕ್ಕ. "ಎಲ್ಲರ ವಯಸ್ಸೂ ನಾನು ಕೇಳೋದೇ ಆಯ್ತು, ನನ್ನ ವಯಸ್ಸು ಕೇಳೋ ಗಂಡಸು ಮಾತ್ರ ಒಬ್ಬನೂ ಸಿಗಲಿಲ್ಲ" ಎಂದು ತಾವೇ ನಗುತ್ತಾರೆ. ಆ ನಗು ಬಹಳ ಹೊತ್ತು ಉಳಿಯುವುದಿಲ್ಲ.

ಕಚೇರಿಯ ಹಿಂಬದಿಯಲ್ಲಿ ಡೇರೆಗಳನ್ನು ಪೇರಿಸಿಟ್ಟ ಕೋಣೆಯಲ್ಲಿ ಇವರ ಮೇಜು. ಒದ್ದೆ ಕ್ಯಾನ್ವಾಸಿನ ವಾಸನೆ ಇವರ ಸೀರೆಗೂ ಹತ್ತಿದೆ. ಟೈಪಿಸ್ಟ್ ಆಗಿ ಬಂದವರು. ಅಣ್ಣನ ಮನೆಯಲ್ಲೇ ವಾಸ. ಇಪ್ಪತ್ತಾರು ಶಾಖೆಗಳ ಮೂರು ಸಾವಿರ ಚಿಲ್ಲರೆ ಮಕ್ಕಳನ್ನು ವಯಸ್ಸಿಗೊಂದು ಖಾನೆಯಂತೆ ವಿಂಗಡಿಸಿ, ಯಾವ ವಯಸ್ಸಿನವರು ಹೆಚ್ಚುತ್ತಿದ್ದಾರೆ, ಯಾವ ವಯಸ್ಸಿನವರು ಬಿಟ್ಟು ಹೋಗುತ್ತಿದ್ದಾರೆ, ಏಕೆ ಎಂದು ವಾರ್ಷಿಕ ಸಭೆಗೆ ಬರೆದುಕೊಡುವುದು ಕೆಲಸ.

"ಈ ವರ್ಷದ ಹದಿಮೂರನ್ನ ಹೋದ ವರ್ಷದ ಹದಿಮೂರರ ಪಕ್ಕ ನಿಲ್ಲಿಸಿದ್ರೆ ಏನು ಬಂತು? ಅವರೇ ಬೇರೆ, ಇವರೇ ಬೇರೆ. ಹೋದ ವರ್ಷ ಹನ್ನೆರಡರಲ್ಲಿದ್ದೋರು ಈ ವರ್ಷ ಹದಿಮೂರಕ್ಕೆ ಬಂದ್ರಾ, ಇಲ್ವಾ? ಹಾಗೆ ಅದೇ ಮಕ್ಕಳ ಬೆನ್ನು ಹತ್ತಬೇಕು" ಎನ್ನುತ್ತಾರೆ.

ಹಾಗೆ ಬೆನ್ನು ಹತ್ತಿದಾಗಲೆಲ್ಲ ಮಕ್ಕಳು ಕೈತಪ್ಪುತ್ತಿದ್ದುದು ಹದಿನಾಲ್ಕರಲ್ಲಿ. ಆ ವಯಸ್ಸಿಗೆ ಹಿರಿಯರ ವಿಭಾಗಕ್ಕೆ, ಅಂದರೆ ಹದಿನೇಳರವರೆಗಿನವರ ಗುಂಪಿಗೆ, ಹೋಗಬೇಕಿತ್ತು. ಅದು ಸೇರುತ್ತಿದ್ದುದು ವಾರದ ನಡುವೆ, ಸಂಜೆ, ಟ್ಯೂಷನ್ ಹೊತ್ತಿಗೆ. ಭಾನುವಾರಕ್ಕೆ ಬದಲಿಸಿ ಎಂದು ವಯಸ್ಸಕ್ಕ ವರದಿಯಲ್ಲಿ ಬರೆದರು. ಸಮಿತಿ ಅದೇ ಅಂಕಿ ನೋಡಿ, ಬರುವವರೇ ಇಲ್ಲದ ಮೇಲೆ ವಿಭಾಗವೇಕೆ ಎಂದು ಅದನ್ನೇ ಮುಚ್ಚಿತು. ಹದಿಮೂರೇ ಕೊನೆ ಎಂದಾಯಿತು.

ಮರುವರ್ಷ ಹದಿಮೂರರ ಖಾನೆ ಉಬ್ಬಿಕೊಂಡಿತು. ಹಿಂದಿನ ವರ್ಷ ಹನ್ನೆರಡರಲ್ಲಿದ್ದವರು ಇನ್ನೂರು. ಹೊಸಬರು ಬೆರಳೆಣಿಕೆ. ಆದರೂ ಹದಿಮೂರರಲ್ಲಿ ಮುನ್ನೂರರ ಹತ್ತಿರ! ಕಾರ್ಯದರ್ಶಿಗಳ ಕಾಲು ನೆಲಕ್ಕೆ ತಾಗಲಿಲ್ಲ. "ನೋಡಿದ್ರಾ ಮೇಡಂ, ಮುಚ್ಚಿದ್ದೇ ಒಳ್ಳೇದಾಯ್ತು. ಹದಿಮೂರರ ಮಕ್ಕಳು ಹೇಗೆ ಮುಗಿಬೀಳ್ತಿದ್ದಾರೆ!"

ವಯಸ್ಸಕ್ಕ ಮನೆಗೆ ಬಂದು, ಊಟಕ್ಕೆ ಕೂತ ಅಣ್ಣನ ಮಗಳನ್ನು ಕೇಳಿದರು. "ನಿನ್ನ ಕಾರ್ಡಲ್ಲಿ ಎಷ್ಟು ಅಂತ ಬರೆಸಿದ್ದೀಯೇ?"

"ಹದಿಮೂರು."

"ನೀನು ಹುಟ್ಟಿದಾಗ ಆಸ್ಪತ್ರೇಲಿ ನಿದ್ದೆಗೆಟ್ಟೋಳು ನಾನು. ನನ್ನ ಹತ್ರಾನೇ ಒಂದು ವರ್ಷ ಕಡಿಮೆ ಹೇಳ್ತೀಯಾ?"

"ಎಲ್ಲರೂ ಹಾಗೇ ಬರೆಸಿದ್ದಾರೆ ಅತ್ತೆ. ಇನ್ನೆಲ್ಲಿಗೆ ಹೋಗೋದು? ನೀನು ಸುಮ್ನಿರು, ಆಯ್ತಾ?"

ಅತ್ತೆ ಸುಮ್ಮನಿರಲಿಲ್ಲ. ಬಿಟ್ಟು ಹೋಗಲು ಮನಸ್ಸಿಲ್ಲದ ಮಕ್ಕಳು ಇಷ್ಟಿದ್ದಾರೆಂದು ಗೊತ್ತಾದರೆ ಹಿರಿಯರ ವಿಭಾಗ ಮತ್ತೆ ತೆರೆಯುತ್ತಾರೆ ಎಂದು ನಂಬಿದರು. ತುಂಬಿದ ಸಭೆಯಲ್ಲಿ ಎದ್ದು ನಿಂತು, ಹದಿಮೂರರ ಖಾನೆಯಲ್ಲಿ ಹದಿನಾಲ್ಕರವರು ಅಡಗಿ ಕೂತಿದ್ದಾರೆ ಎಂದು ಬಿಡಿಸಿ ಹೇಳಿದರು.

"ಸತ್ಯ ಹೇಳ್ತೀನಿ ಅನ್ನೋದು ನಮ್ಮ ಮೊದಲನೇ ಪ್ರತಿಜ್ಞೆ" ಎಂದರು ಅಧ್ಯಕ್ಷರು. "ಸುಳ್ಳು ಹೇಳಿದೋರಿಗೆ ಇಲ್ಲಿ ಜಾಗ ಇಲ್ಲ."

ಎಲ್ಲರಿಂದ ಜನನ ಪ್ರಮಾಣಪತ್ರ ತರಿಸಿದರು. ತೊಂಬತ್ತಕ್ಕೂ ಹೆಚ್ಚು ಮಕ್ಕಳ ಕುತ್ತಿಗೆಯ ಸ್ಕಾರ್ಫ್ ಬಿಚ್ಚಿಸಿಕೊಂಡು ಹೊರಗೆ ಕಳಿಸಿದರು. ಮೊದಲ ದಿನವೇ ಹೋದವಳು ಅಣ್ಣನ ಮಗಳು. ಇನ್ನು ಮುಂದೆ ಸೇರುವ ಒಬ್ಬೊಬ್ಬ ಮಗುವಿನ ವಯಸ್ಸನ್ನೂ ವಯಸ್ಸಕ್ಕನೇ ಖುದ್ದಾಗಿ ಕೇಳಿ ಸಹಿ ಹಾಕಬೇಕೆಂದು ಠರಾವಾಯಿತು. ಈ ಭಾನುವಾರದ ಕುರ್ಚಿ ಆ ಬುದ್ಧಿವಂತಿಕೆಗೆ ಸಿಕ್ಕ ಬಹುಮಾನ.

"ನಾನು ಓದಿದ್ದು ಸರಿಯಾಗೇ ಇತ್ತು. ಯಾರ ಮುಂದೆ ಓದ್ತಿದ್ದೀನಿ ಅನ್ನೋದನ್ನ ಮಾತ್ರ ನೋಡ್ಲಿಲ್ಲ" ಎನ್ನುತ್ತಾರೆ.

ಈ ಸಲದ ವರದಿಯಲ್ಲಿ ಹದಿನಾಲ್ಕರಿಂದ ಹದಿನೇಳರವರೆಗಿನ ಖಾನೆಗಳನ್ನು ತೆಗೆದುಬಿಡಿ, ಖಾಲಿ ಖಾನೆಗೆ ಕಾಗದ ಏಕೆ ದಂಡ ಎಂದಿದ್ದಾರೆ ಕಾರ್ಯದರ್ಶಿ. ವಯಸ್ಸಕ್ಕ ಆ ನಾಲ್ಕೂ ಖಾನೆಗಳಿಗೆ ಗೆರೆ ಎಳೆದೇ ಇಟ್ಟಿದ್ದಾರೆ. "ತೆಗೆದುಬಿಟ್ರೆ ಆ ವಯಸ್ಸಿನ ಮಕ್ಕಳೇ ಲೋಕದಲ್ಲಿಲ್ಲ ಅಂದ್ಕೊಂಡುಬಿಡ್ತಾರೆ. ಬೇಕಾದ್ರೆ ಅವರೇ ಕತ್ತರಿ ತಗೊಂಡು ಕತ್ತರಿಸ್ಕೊಳ್ಳಲಿ. ನನ್ನ ಕೈಯಲ್ಲಂತೂ ಆಗಲ್ಲ."

ಸಾಲು ಕರಗಿದೆ. ಕೊನೆಯಲ್ಲಿ ನಿಂತವನು ಅಣ್ಣನ ಕಿರಿಮಗ. ಅವನನ್ನು ಕರೆತಂದ ಅಕ್ಕ ಗೇಟಿನ ಆಚೆಯೇ ನಿಂತಿದ್ದಾಳೆ. ಒಂದೇ ಮನೆ, ಒಂದೇ ಒಲೆ, ಆದರೂ ಆ ಸಭೆಯ ನಂತರ ಅತ್ತೆಯ ಜೊತೆ ಮಾತಿಲ್ಲ.

"ವಯಸ್ಸೆಷ್ಟಪ್ಪಾ?" ವಯಸ್ಸಕ್ಕ ನಿಯಮದಂತೆ ಕೇಳುತ್ತಾರೆ.

ಹುಡುಗ ಬಾಯಿ ಬಿಡುವ ಮೊದಲೇ ಗೇಟಿನಿಂದ ದನಿ ಬರುತ್ತದೆ. "ಹತ್ತು ಮುಗಿದಿದೆ, ಮೇಡಂ. ನಂಬಿಕೆ ಇಲ್ದಿದ್ರೆ ಸರ್ಟಿಫಿಕೇಟ್ ತಂದಿದ್ದೀನಿ."

ವಯಸ್ಸಕ್ಕ ಬಗ್ಗಿ ಹತ್ತು ಎಂದು ಬರೆಯುತ್ತಾರೆ, ಸಹಿ ಹಾಕುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಪೆನ್ನಿನ ಮುಚ್ಚಳ ಹಾಕುತ್ತಾ ಗೇಟಿನ ಕಡೆ ನೋಡುತ್ತಾರೆ.

"ಈ ಹುಡುಗನಿಗೆ ಹದಿನಾಲ್ಕಾಗೋಕೆ ಇನ್ನೂ ನಾಲ್ಕು ವರ್ಷ ಇದೆ. ಅಷ್ಟರಲ್ಲಿ ಆ ಖಾನೆ ತುಂಬಬೇಕು. ಅವಳು ಮತ್ತೆ ನನ್ನನ್ನ ಅತ್ತೆ ಅನ್ನೋದು ಆಮೇಲಾದ್ರೂ ಆಗ್ಲಿ."