ಅಕ್ಕನ ಹುಳದ ವ್ಯಾನಿಗೆ ಹಾಕಿದ ಸೆನ್ಸರು

ನಮ್ಮಕ್ಕ ಕನಕಪುರದ ಹತ್ತಿರ ಚಾಕಿ ಹುಳ ಸಾಕುತ್ತಾಳೆ. ರೇಷ್ಮೆ ಮೊಟ್ಟೆ ಒಡೆದು ಮರಿ ಆಚೆ ಬಂದಾಗಿನಿಂದ ಎರಡನೇ ಜ್ವರದವರೆಗೂ ಸಾಕಿ, ಆಮೇಲೆ ರೈತರ ಮನೆಗೆ ತಲುಪಿಸುವ ಕೆಲಸ. ಜ್ವರ ಅಂದರೆ ಕಾಯಿಲೆ ಅಲ್ಲ. ಹುಳ ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂತು ಪೊರೆ ಕಳಚುವುದಕ್ಕೆ ನಮ್ಮ ಕಡೆ ಹಾಗನ್ನುತ್ತಾರೆ. ಹಾಗೆ ಕೂತಾಗಲೇ ಸಾಗಿಸಬೇಕು. ಎದ್ದ ಮೇಲಿನ ಮೊದಲ ಸೊಪ್ಪನ್ನು ರೈತರ ಮನೆಯಲ್ಲೇ ತಿನ್ನಬೇಕು.

ನಾನು ರಾಮನಗರದಲ್ಲಿ ಗಾಡಿಗಳ ವೈರಿಂಗ್ ಮಾಡುವವನು. ಬಾಯಿ ಜೋರು ಅಂತ ಊರಿಗೆಲ್ಲ ಗೊತ್ತು. ಅಕ್ಕನ ಮುಂದೆ ಮಾತ್ರ ಆ ಬಾಯಿ ನಡೆಯೋದಿಲ್ಲ.

ಹೋದ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಅವಳ ಹಳೇ ಪೆಟ್ರೋಲ್ ವ್ಯಾನು ಕೈಕೊಟ್ಟಿತು. ಇಂಜಿನ್ ಎಷ್ಟು ಗಾಳಿ ಎಳೆಯುತ್ತಿದೆ ಅಂತ ಅಳೆಯುವ ಸೆನ್ಸರು ಸತ್ತುಹೋಗಿತ್ತು. ಆ ಮಾಡೆಲ್ಲಿಗೆ ಹೊಸದು ಎಲ್ಲೂ ಸಿಗಲಿಲ್ಲ. ಬಿಡದಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಇಂಜಿನ್ ಕಂಪ್ಯೂಟರ್ ತಿದ್ದುವ ನನ್ನ ಸ್ನೇಹಿತನೊಬ್ಬ, ಆ ಸೆನ್ಸರ್ ಇಲ್ಲದೆಯೂ ಗಾಳಿಯ ಒತ್ತಡ ನೋಡಿ ಪೆಟ್ರೋಲ್ ಲೆಕ್ಕ ಹಾಕುವ ಹಾಗೆ ಮಾಡಿಕೊಟ್ಟ. "ಆದ್ರೆ ಒಂದ್ ಮಾತು ಕಣ್ಲಾ. ಗಾಳಿ ಎಷ್ಟು ಬಿಸಿ ಐತೆ ಅಂತ ಹೇಳೋ ಸೆನ್ಸರೂ ಅದರ ಹೊಟ್ಟೆ ಒಳಗೇ ಇತ್ತು. ಅದನ್ನ ಬೇರೆ ತಂದು ನೀನೇ ವೈರಿಂಗ್ ಮಾಡ್ಬೇಕು" ಅಂದ.

ಹುಳ ಸಾಗಿಸುವ ಹಿಂದಿನ ದಿನ ಸಾಯಂಕಾಲ ಅಕ್ಕನ ಅಂಗಳದಲ್ಲೇ ಆ ಕೆಲಸಕ್ಕೆ ಕೂತೆ. ಈ ವ್ಯಾನಿಗೆ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಸೀಟೆತ್ತಿ, ಹಳೇ ಸಾಕೆಟ್ಟಿನ ಐದು ವೈರುಗಳಲ್ಲಿ ಬಿಸಿಗೆ ಸಂಬಂಧಪಟ್ಟ ಎರಡನ್ನು ಮೀಟರ್ ಹಿಡಿದು ಹುಡುಕಿದೆ. ಅರ್ತ್ ವೈರನ್ನು ಗಾಡಿಯ ತಗಡಿಗೆ ಎಲ್ಲೋ ಕಚ್ಚಿಸಿ ಕೈತೊಳೆದುಕೊಳ್ಳುವ ಚಾಳಿ ನಮ್ಮ ಕಸುಬಿನಲ್ಲಿ ಬಹಳ ಜನಕ್ಕಿದೆ. ನಾನು ಕಂಪ್ಯೂಟರಿನಿಂದ ಬಂದ ವೈರಿಗೇ ಬೆಸುಗೆ ಹಾಕಿ, ಬೆಸುಗೆಯ ಮೇಲೆ ಪ್ಲಾಸ್ಟಿಕ್ ಕೊಳವೆ ಏರಿಸಿ, ಸೆನ್ಸರನ್ನು ಗಾಳಿ ಹೋಗುವ ರಬ್ಬರ್ ಪೈಪಿಗೆ ಕೂರಿಸಿದೆ.

ಅಕ್ಕ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು. "ಇದೇನ್ಲಾ ಮಾಡ್ತದೆ?" ಅಂದಳು.

"ನಿನ್ನ ಹುಳದ ಮನೇಲಿ ಥರ್ಮಾಮೀಟರ್ ತೂಗಾಕಿಲ್ವಾ, ಹಂಗೇಯ. ಗಾಳಿ ತಣ್ಣಗಿದ್ರೆ ಗಾಡಿ ಚೆನ್ನಾಗಿ ಓಡ್ತದೆ. ಕಾದ್ರೆ ಏದುಸಿರು ಬುಡ್ತದೆ."

"ಪಾಪ" ಅಂದಳು ಅಕ್ಕ.

ಮಾರನೇ ದಿನ ಬೆಳಗ್ಗೆ ನಾನೇ ಓಡಿಸಿಕೊಂಡು ಹೊರಟೆ. ಅದಕ್ಕೆ ಮುಂಚೆ ಅಕ್ಕ ನನಗೆ ಸೋಪು ಹಚ್ಚಿ ಸ್ನಾನ ಮಾಡಿಸಿ, ನನ್ನ ಅಂಗಡಿ ಶರ್ಟನ್ನು ಕಿತ್ತುಕೊಂಡು, ಭಾವನ ಶರ್ಟು ಹಾಕಿಸಿದ್ದಳು. ಹುಳಕ್ಕೆ ವಾಸನೆ ಆಗೋದಿಲ್ಲ. ಬೀಡಿ, ಊದುಬತ್ತಿ, ಸೊಳ್ಳೆಬತ್ತಿ ಯಾವುದೂ ಕೂಡದು. ಪೆಟ್ರೋಲಿನದಂತೂ ವಿಷ. "ನೀನೇ ಒಂದು ಪೆಟ್ರೋಲ್ ಬಂಕು. ಒಸಿ ಆ ಕಡೆ ನಿಂತ್ಕೊ" ಅಂತ ವ್ಯಾನಿನಲ್ಲಿ ಹುಳದ ತಟ್ಟೆ ಜೋಡಿಸುವಾಗಲೂ ದೂರ ಇಟ್ಟಳು.

ಹುಳ ಹೋಗಬೇಕಾಗಿದ್ದದ್ದು ಮಾಗಡಿಯಿಂದಾಚೆ ಒಂದು ಮನೆಗೆ. ಕುರಿ ಸಾಕಿಕೊಂಡಿದ್ದ ಗಂಡ ಹೆಂಡತಿ. ಅಕ್ಕನ ಮಾತು ನಂಬಿ ಹಿಪ್ಪುನೇರಳೆ ಕಡ್ಡಿ ನೆಟ್ಟು, ಹುಳಕ್ಕಂತ ಬೇರೆ ಮನೆ ಕಟ್ಟಿ, ಮೊದಲನೇ ಸಲ ಹುಳ ಇಳಿಸಿಕೊಳ್ಳುವವರು. "ಈ ಸಲ ಏನಾರ ಎಡವಟ್ಟಾದ್ರೆ ಆ ಹೆಣ್ಮಗಳ ಮುಖ ಹೆಂಗೆ ನೋಡ್ಲಿ?" ಅಂತ ಅಕ್ಕ ದಾರಿಯುದ್ದಕ್ಕೂ ಅಂದುಕೊಂಡೇ ಬಂದಳು.

ರಾಮನಗರ ದಾಟಿ ಮಾಗಡಿ ರಸ್ತೆಯಲ್ಲಿ ಒಂದು ಗುಂಡಿಗೆ ಚಕ್ರ ಇಳಿದು ಎದ್ದಿತು. ಅಲ್ಲಿಂದ ಗಾಡಿ ಮುಗ್ಗರಿಸೋಕೆ ಶುರು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಕರೀ ಹೊಗೆ. ಹಿಂದಿನ ಬಾಗಿಲ ರಬ್ಬರು ಮೊದಲೇ ಹರಿದಿತ್ತು, ಆ ಸಂದಿಯಿಂದ ಪೆಟ್ರೋಲ್ ವಾಸನೆ ಗಪ್ಪಂತ ಒಳಕ್ಕೆ ನುಗ್ಗಿತು. "ನಿಲ್ಸು, ನಿಲ್ಸು" ಅಂತ ಅಕ್ಕ ನನ್ನ ತೋಳು ಹಿಡಿದು ಜಗ್ಗಿದಳು. ನಿಲ್ಲಿಸುವಷ್ಟರಲ್ಲಿ ಇಳಿದು, ಒಬ್ಬಳೇ ತಟ್ಟೆಗಳನ್ನೆಲ್ಲ ಹೊತ್ತು ಹೊಂಗೆಮರದ ನೆರಳಿಗೆ ಸಾಗಿಸಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಇಂಜಿನ್ ಕಂಪ್ಯೂಟರಿನ ಲೆಕ್ಕ ತೋರಿಸುವ ಸ್ಕ್ಯಾನರ್ ಹಚ್ಚಿದರೆ ಗಾಳಿಯ ಬಿಸಿ ಮೈನಸ್ ನಲವತ್ತು ಅಂತ ತೋರಿಸ್ತಾ ಇದೆ. ಮಾಗಡಿ ರಸ್ತೆಯಲ್ಲಿ, ಬೇಸಿಗೆಯಲ್ಲಿ. ಕಂಪ್ಯೂಟರ್ ಅದನ್ನೇ ನಿಜ ಅಂತ ನಂಬಿ, ಅಯ್ಯೋ ಎಂಥಾ ಚಳಿ ಅಂತ ಪೆಟ್ರೋಲ್ ಸುರೀತಾ ಇದೆ. ಬಿಡದಿಯವನಿಗೆ ಫೋನ್ ಮಾಡಿ ಬಾಯಿಗೆ ಬಂದದ್ದೆಲ್ಲ ಬೈದೆ. "ಲೇ, ವೈರ್ ಬುಟ್ಕೊಂಡದೆ, ಮೊದಲು ಸೀಟೆತ್ತಿ ನೋಡ್ಲಾ" ಅಂದು ಇಟ್ಟುಬಿಟ್ಟ.

ಸೀಟೆತ್ತಿದೆ. ಗಾಳಿ ಪೈಪಿನ ಸುತ್ತ ಒದ್ದೆ ಗೋಣಿಚೀಲ ಸುತ್ತಿತ್ತು, ಬಾಳೆನಾರು ಕಟ್ಟಿ, ನೀಟಾಗಿ. ನೀರು ಕುಡಿದ ಚೀಲದ ಭಾರಕ್ಕೆ ಗುಂಡಿಯಲ್ಲಿ ಸೆನ್ಸರಿನ ಸಾಕೆಟ್ ಕಳಚಿಕೊಂಡು ಜೋತಾಡುತ್ತಿತ್ತು.

ಬೇಸಿಗೆಯಲ್ಲಿ ಹುಳದ ಮನೆಯ ಕಿಟಕಿಗೆ ಕಟ್ಟುವುದೂ ಅದೇ ಒದ್ದೆ ಗೋಣಿಚೀಲ.

"ಅಕ್ಕಾ, ಇದ್ಯಾರು..." ಅಂದವನು ಅಲ್ಲಿಗೇ ನಿಲ್ಲಿಸಿದೆ. ಅವಳು ಸೆರಗಿನಿಂದ ತಟ್ಟೆಗಳಿಗೆ ಗಾಳಿ ಬೀಸುತ್ತಿದ್ದಳು. ತಲೆ ಎತ್ತಲಿಲ್ಲ. "ಕಾದ್ರೆ ಏದುಸಿರು ಬುಡ್ತದೆ ಅಂದ್ಯಲ್ಲೋ. ನೀನು ಸ್ನಾನ ಮಾಡೋವಾಗ, ಅದಕ್ಕೂ ತಂಪಾಗ್ಲಿ ಅಂತ ಕಟ್ದೆ" ಅಂದಳು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ.

ಚೀಲ ಬಿಚ್ಚಿ ಸಾಕೆಟ್ ಸಿಕ್ಕಿಸಿದೆ. ಹೊಗೆ ನಿಂತಿತು. ಬಾಗಿಲೆಲ್ಲ ತೆಗೆದಿಟ್ಟು ವಾಸನೆ ಹೋಗಲು ಬಿಟ್ಟೆವು. "ಹುಳ ಹೆಂಗವೆ?" ಅಂತ ಕೇಳಿದೆ.

"ಹೆಂಗೆ ಗೊತ್ತಾಯ್ತದ್ಲಾ? ಜ್ವರಕ್ಕೆ ಕೂತವೆ. ಸತ್ತಿದ್ರೂ ಹಿಂಗೇ, ಬದುಕಿದ್ರೂ ಹಿಂಗೇ. ಎದ್ದಾಗಲೇ ಗೊತ್ತಾಗೋದು."

ಆ ಮನೆ ತಲುಪಿದ ಮೇಲೆ ಅಕ್ಕ ನಡೆದದ್ದನ್ನು ಮುಚ್ಚಿಡದೆ ಹೇಳಿದಳು. ಹುಳ ಏಳುವವರೆಗೂ ಕಾಯುತ್ತೀನಿ ಅಂತ ಹುಳದ ಮನೆಯ ಹೊಸ್ತಿಲಲ್ಲೇ ಕೂತಳು. ಊಟಕ್ಕೆ ಕರೆದರೆ ಏಳಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಮೇಲಿನ ತಟ್ಟೆಗಳಲ್ಲಿ ಹುಳ ಅಲ್ಲಾಡಿದವು. ಆ ಹೆಂಗಸು ಎಳೇ ಸೊಪ್ಪು ಹೆಚ್ಚಿ ಉದುರಿಸಿದಳು. ಹುಳ ತಿಂದವು. ನನಗೇ ಕಣ್ಣು ತುಂಬಿಬಂತು.

ಹಿಂದಿನ ಬಾಗಿಲ ಪಕ್ಕದಲ್ಲಿ ಕೆಳಗಿದ್ದ ಒಂದು ತಟ್ಟೆ ಮಾತ್ರ ಏಳಲಿಲ್ಲ.

"ಬುಡಕ್ಕ, ಕುರಿಮಂದೇಲೂ ಒಂದೆರಡು ಹೋಯ್ತವೆ" ಅಂತ ಆ ಹೆಂಗಸೇ ಅಕ್ಕನ ಬೆನ್ನು ಸವರಿದಳು. ಅದರ ಬದಲು ಬೇರೆ ತಟ್ಟೆ ತಂದುಕೊಡುತ್ತೀನಿ ಅಂತ ಹೇಳಿ, ಅಕ್ಕ ಆ ತಟ್ಟೆಯನ್ನು ವಾಪಸ್ ತೆಗೆದುಕೊಂಡಳು. ವ್ಯಾನಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಳು. ಅದರ ಮೇಲೂ ಒಂದು ಹಿಡಿ ಸೊಪ್ಪು ಉದುರಿಸಿದ್ದಳು.

"ಒಸಿ ತಡವಾಗಿ ಏಳ್ತವೇನೋ ಕಣ್ಲಾ."

ಸುಳ್ಳು ಸಮಾಧಾನ ಹೇಳೋದು ನನಗೆ ಆಗದ ಮಾತು. ಆದರೂ "ಇರ್ಬೈದು ಕಣಕ್ಕ" ಅಂದೆ.

ರಾಮನಗರ ಹತ್ತಿರ ಬಂದಾಗ ಅವಳು ಸೊಪ್ಪನ್ನು ಒಂದು ಸಲ ಸರಿಸಿ ನೋಡಿದಳು. ಆಮೇಲೆ ತಟ್ಟೆಯ ಮೇಲೆ ಪೇಪರು ಮುಚ್ಚುತ್ತಾ, "ಒಂದು ವೈರು ಬುಟ್ಕೊಂಡಿದ್ದಕ್ಕೆ ನಿನ್ ಗಾಡಿ ಅಷ್ಟು ರಂಪ ಮಾಡ್ತು. ಇವು ಉಸಿರು ಕಟ್ಟಿದ್ರೂ ಅಲ್ಲಾಡದಂಗೆ ಕೂತವೆ ನೋಡು" ಅಂದಳು.