ಮೇಡಂ ಚುಕ್ಕಿ

ಆ ಸಭಾಂಗಣಕ್ಕೆ ಬರುವವರಿಗೆಲ್ಲ ಅವಳು ಗಂಟೆ ಮೇಡಂ. ಹೆತ್ತವರು ಇಟ್ಟ ಹೆಸರು ಕೊರಳಿನ ಗುರುತಿನ ಚೀಟಿಯಲ್ಲಿ ಇದ್ದೇ ಇತ್ತು, ಅದನ್ನು ಓದುವ ಗೋಜಿಗೆ ಮಾತ್ರ ಯಾರೂ ಹೋಗುತ್ತಿರಲಿಲ್ಲ. ಮೇಜು, ಕುರ್ಚಿ, ಇಂಟರ್ನೆಟ್ಟುಗಳನ್ನು ತಿಂಗಳ ಬಾಡಿಗೆಗೆ ಕೊಡುವ ಒಂದು ಕಚೇರಿಗೆ ಅವಳು ಮ್ಯಾನೇಜರು. ವರ್ಷಕ್ಕೆ ಎರಡೋ ಮೂರೋ ಸಲ ಆ ಮೇಜುಗಳನ್ನೆಲ್ಲ ಗೋಡೆಗೆ ತಳ್ಳಿಸಿ, ಒಬ್ಬರ ಮುಖ ಇನ್ನೊಬ್ಬರು ಕಂಡಿರದ ಜನರನ್ನು ಅಲ್ಲಿ ಕಲೆಹಾಕುತ್ತಿದ್ದಳು. ಶುಕ್ರವಾರ ಸಂಜೆ ಬರಿಗೈಯಲ್ಲಿ ಬಂದವರು ಭಾನುವಾರ ಸಂಜೆಯೊಳಗೆ ಒಟ್ಟಾಗಿ ಒಂದು ಕಂಪನಿ ಕಟ್ಟಿ ತೋರಿಸಬೇಕು. ಕಟ್ಟಿದ್ದು ಸೋಮವಾರದವರೆಗೆ ನಿಂತರೆ ಪುಣ್ಯ ಎಂದು ಆಡಿಕೊಳ್ಳುವವರೂ ಇದ್ದರು. ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುವ ಪೈಕಿ ಅವಳಲ್ಲ.

ಕಟ್ಟುವ ಕ್ರಮ ಹೀಗೆ. ಐಡಿಯಾ ಇದ್ದವರು ಒಬ್ಬೊಬ್ಬರೇ ಎದ್ದು ನಿಂತು ಒಂದು ನಿಮಿಷ ಮಾತಾಡಬೇಕು. ನಿಮಿಷ ಮುಗಿಯುತ್ತಲೇ ಅವಳು ಮುಂದಿಟ್ಟುಕೊಂಡ ಹಿತ್ತಾಳೆಯ ಗಂಟೆಯನ್ನು ಅಂಗೈಯಿಂದ ತಟ್ಟುತ್ತಾಳೆ, ಮಾತು ಎಲ್ಲಿದೆಯೋ ಅಲ್ಲೇ ನಿಲ್ಲಬೇಕು. ಪಾಪ, ವಾಕ್ಯ ಮುಗಿಸಿಕೊಳ್ಳಲಿ ಎಂದು ಒಂದೆರಡು ಉಸಿರು ತಡೆದು ತಟ್ಟುವುದೂ ಉಂಟು. ಆಮೇಲೆ ಐಡಿಯಾಗಳನ್ನೆಲ್ಲ ದೊಡ್ಡ ಹಾಳೆಗಳ ಮೇಲೆ ಬರೆದು ಗೋಡೆಗೆ ಅಂಟಿಸುತ್ತಾರೆ. ಬಂದವರಿಗೆಲ್ಲ ಮೂರು ಮೂರು ಕೆಂಪು ಚುಕ್ಕಿ ಸ್ಟಿಕ್ಕರು. ಮನಸ್ಸಿಗೆ ಬಂದ ಹಾಳೆಗೆ ಅಂಟಿಸಬಹುದು. ಹನ್ನೆರಡು ಚುಕ್ಕಿ ಬಿದ್ದ ಐಡಿಯಾ ಬದುಕಿತು, ಅದಕ್ಕೆ ತಂಡ ಸಿಗುತ್ತದೆ. ಬೀಳದ ಹಾಳೆಯನ್ನು ಸುರುಳಿ ಸುತ್ತಿ ಮೂಲೆಗಿಡುತ್ತಾರೆ, ಅದರ ಒಡೆಯ ಬೇರೆ ಯಾರದೋ ತಂಡ ಸೇರಿಕೊಳ್ಳುತ್ತಾನೆ.

ಇದರಲ್ಲೊಂದು ಬರೆಯದ ನಿಯಮವಿತ್ತು. ಯಾವುದಾದರೂ ಒಳ್ಳೆಯ ಐಡಿಯಾ ಒಂದೇ ಒಂದು ಚುಕ್ಕಿಗಾಗಿ ಸತ್ತು ಹೋಗುವಂತಿದ್ದರೆ ಅವಳು ತನ್ನ ಬಳಿ ಮಿಕ್ಕ ಹಾಳೆಯಿಂದ ಒಂದು ಚುಕ್ಕಿ ಕಿತ್ತು ಅಂಟಿಸಿಬಿಡುತ್ತಿದ್ದಳು. ಜನ ಅದಕ್ಕೆ 'ಮೇಡಂ ಚುಕ್ಕಿ' ಎಂದು ಹೆಸರಿಟ್ಟಿದ್ದರು. ಕಳೆದ ವರ್ಷ ಹಾಗೆ ಬದುಕಿಕೊಂಡ ಒಂದು ತಂಡ ಈಗ ಅದೇ ಕಚೇರಿಯಲ್ಲಿ ಆರು ಮೇಜು ಬಾಡಿಗೆಗೆ ಹಿಡಿದಿದೆ. ಈ ಕಥೆಯನ್ನು ಅವಳು ಎಲ್ಲರ ಮುಂದೆಯೂ ಹೇಳಿಕೊಂಡಿದ್ದಳು. ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಭಾವನ ಮುಂದೆಯೂ ಹೇಳಿದ್ದಳು, ಒಂದಲ್ಲ ಎರಡು ಸಲ.

ಆ ಭಾವ ಬಲ್ಬ್ ಕಾರ್ಖಾನೆಯ ಸ್ಟೋರಿನಲ್ಲಿದ್ದವರು. ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲೇ ಇದ್ದರು. ಅಕ್ಕ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಅಮ್ಮ ಇವರಿಬ್ಬರ ಜೊತೆಗಿದ್ದಳು. ಅಮ್ಮನ ಮೂತ್ರಪಿಂಡ ಕೈಕೊಟ್ಟು, ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕಿತ್ತು. ಕರೆದುಕೊಂಡು ಹೋಗುವುದು, ಪಕ್ಕದಲ್ಲಿ ಕೂರುವುದು, ತಲೆ ಸುತ್ತುವ ಅಮ್ಮನನ್ನು ಹಿಡಿದು ಆಟೋ ಹತ್ತಿಸುವುದು ಎಲ್ಲ ಭಾವನದೇ. ಗಂಟೆ ಮೇಡಂ ಆಸ್ಪತ್ರೆಯ ಬಿಲ್ಲು ಕಟ್ಟುತ್ತಿದ್ದಳು. ಒಳಗೆ ಹೋದದ್ದು ಒಂದೇ ಸಲ. ಅಮ್ಮನ ರಕ್ತ ಕೊಳವೆಯಲ್ಲಿ ಹರಿಯುವುದನ್ನು ನೋಡಲಾಗದೆ, ಫೋನ್ ಬಂತು ಎಂದು ಸುಳ್ಳು ಹೇಳಿ ಹೊರಗೆ ಬಂದಿದ್ದಳು. ಮತ್ತೆ ಹೋಗಲಿಲ್ಲ. ಪ್ರತಿ ಸಲವೂ ಏನೋ ಒಂದು ಕೆಲಸ ಅಡ್ಡ ಬರುತ್ತಿತ್ತು, ಬರದಿದ್ದರೆ ಅವಳೇ ಬರಮಾಡಿಕೊಳ್ಳುತ್ತಿದ್ದಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತನ್ನು ಅಮ್ಮ ಆಡಿರಲಿಲ್ಲ. ಆಡದೆ ಇದ್ದದ್ದೇ ಅವಳಿಗೆ ಹೆಚ್ಚು ಚುಚ್ಚುತ್ತಿತ್ತು.

ಈ ಸಲದ ಶುಕ್ರವಾರಕ್ಕೆ ಎರಡು ವಾರ ಮುಂಚೆ ಅಕ್ಕ ಫೋನ್ ಮಾಡಿದಳು.

“ನಿಮ್ಮ ಭಾವನೂ ಬರ್ತಾರಂತೆ ಕಣೇ ನಿನ್ನ ಆ ಮೂರು ದಿನದ್ದಕ್ಕೆ. ಏನೋ ಯೋಚನೆ ಮಾಡ್ಕೊಂಡಿದ್ದಾರೆ. ನೀನೇನೂ ಹೆಚ್ಚು ಮಾಡಬೇಡ, ಎಲ್ಲರಿಗೂ ಮಾಡೋ ಹಾಗೆ ಮಾಡು ಸಾಕು. ಇದೊಂದು ಆಗಿಬಿಟ್ರೆ ಅವರು ಮತ್ತೆ ಮನುಷ್ಯರಾಗ್ತಾರೆ.”

“ಬರಲಿ ಬಿಡೇ, ಅದಕ್ಕೇನಂತೆ” ಎಂದಳು ಇವಳು. ಫೋನ್ ಇಟ್ಟ ಮೇಲೆ ಮೊದಲು ಬಂದ ಯೋಚನೆ, ಭಾವ ಯಾವ ಅಂಗಿ ಹಾಕಿಕೊಂಡು ಬರುತ್ತಾರೋ ಎಂಬುದು. ಅದಕ್ಕೂ ಅವಳಿಗೆ ನಾಚಿಕೆಯಾಯಿತು.

ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಬಂದರು. ತಮ್ಮ ಸರದಿ ಬಂದಾಗ ಎದ್ದು, ಎರಡೂ ಕೈ ಹಿಂದೆ ಕಟ್ಟಿಕೊಂಡು, ಯಾರನ್ನೂ ನೋಡದೆ ಎದುರು ಗೋಡೆಗೆ ಹೇಳುವವರಂತೆ ಶುರು ಮಾಡಿದರು.

“ನಮಸ್ಕಾರ. ನಾನು ಬಲ್ಬ್ ಕಾರ್ಖಾನೆಯ ಸ್ಟೋರಿನಲ್ಲಿದ್ದೆ. ಈಗ ಕಾರ್ಖಾನೆ ಇಲ್ಲ, ಹಾಗಾಗಿ ಬೇಕಾದಷ್ಟು ಸಮಯ ಇದೆ.” ಒಂದಿಬ್ಬರು ನಕ್ಕರು. “ನಮ್ಮ ಅತ್ತೆಯವರನ್ನ ಡಯಾಲಿಸಿಸ್‌ಗೆ ಕರ್ಕೊಂಡು ಹೋಗ್ತೀನಿ. ನಾಲ್ಕು ಗಂಟೆ ಪಕ್ಕದಲ್ಲಿ ಕೂತಿರ್ತೀನಿ. ಅಲ್ಲಿ ಹತ್ತು ಮಂಚ ಇವೆ, ಪಕ್ಕದಲ್ಲಿ ಜನ ಇರೋದು ಮೂರಕ್ಕೋ ನಾಲ್ಕಕ್ಕೋ. ಮಿಕ್ಕವರು ಮೇಲಿನ ಫ್ಯಾನು ನೋಡ್ತಾ ಮಲಗಿರ್ತಾರೆ. ಅಂಥವರ ಪಕ್ಕ ಬಿಡುವಿರೋ ಅಪರಿಚಿತರು ಯಾರಾದ್ರೂ ಬಂದು ಕೂರೋ ಹಾಗೆ ಒಂದು ಏರ್ಪಾಡು ಮಾಡಬೇಕು ಅಂತ ನನ್ನ ಆಸೆ. ಯಾರಿಗೆ ಬಿಡುವು, ಯಾರಿಗೆ ಬೇಕು, ಇದನ್ನ ಫೋನೇ ಜೋಡಿಸಿಕೊಡಬೇಕು. ಈಗ ನಮ್ಮ ಅತ್ತೆಯವರನ್ನೇ ತಗೊಳ್ಳಿ. ಅವರಿಗೆ ಇನ್ನೊಬ್ಬಳು ಮಗಳಿದ್ದಾಳೆ. ಅವಳು...”

ಟಿಣ್.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳು ಹೆಗಲು ಮುಟ್ಟಿಕೊಳ್ಳಲಿಲ್ಲ, ಗಂಟೆ ತಟ್ಟಿದಳು. ನಿಮಿಷ ಇನ್ನೂ ಮುಗಿದಿರಲಿಲ್ಲ. ಅದು ಗೊತ್ತಿದ್ದದ್ದು ಅವಳೊಬ್ಬಳಿಗೇ, ಗಡಿಯಾರ ಇದ್ದದ್ದು ಅವಳ ಫೋನಿನಲ್ಲಿ. ಭಾವ ಬಾಯಿ ತೆರೆದವರು ಹಾಗೇ ಒಂದು ಕ್ಷಣ ನಿಂತು, “ಸರಿ ಸರಿ, ಥ್ಯಾಂಕ್ಸ್” ಎಂದು ತಲೆಯಾಡಿಸಿ ಕೂತರು.

ಚುಕ್ಕಿ ಅಂಟಿಸುವ ಹೊತ್ತಿನಲ್ಲಿ ಜನ ಸಂತೆಯಂತೆ ಗೋಡೆಗೆ ಮುತ್ತಿಕೊಂಡರು. ಭಾವ ತಮ್ಮ ಹಾಳೆಯ ಪಕ್ಕ ನಿಂತು, ಹತ್ತಿರ ಬಂದವರಿಗೆಲ್ಲ ಮೆಲ್ಲಗೆ ವಿವರಿಸುತ್ತಿದ್ದರು. ಕೊನೆಗೆ ಅವಳು ಎಣಿಸುತ್ತಾ ಬಂದಳು. ಭಾವನ ಹಾಳೆಯ ಮೇಲೆ ಹನ್ನೊಂದು ಚುಕ್ಕಿ. ಮತ್ತೊಮ್ಮೆ ಎಣಿಸಿದಳು, ಹನ್ನೊಂದೇ.

ಮಿಕ್ಕ ಸ್ಟಿಕ್ಕರುಗಳು ಅವಳ ಕೈಯಲ್ಲೇ ಇದ್ದವು. ಅಭ್ಯಾಸಬಲದಿಂದ ಒಂದನ್ನು ಕಿತ್ತೂ ಆಗಿತ್ತು, ಅದು ತೋರುಬೆರಳಿನ ತುದಿಗೆ ಅಂಟಿಕೊಂಡಿತ್ತು. ಭಾವ ಅವಳ ಬೆರಳನ್ನು ನೋಡಿದರು, ಆಮೇಲೆ ಅವಳಿಗೆ ಮುಜುಗರವಾಗಬಾರದೆಂದು ಕಿಟಕಿಯ ಕಡೆ ತಿರುಗಿದರು.

ಸಂಬಂಧಿಕರಿಗೆ ಅಂಟಿಸಿದರೆ ನಾಳೆ ನಾಲ್ಕು ಜನ ಏನೆಂದಾರು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಒಳ್ಳೆಯ ಕಾರಣ, ಯಾರೂ ತೆಗೆದುಹಾಕುವಂತಿರಲಿಲ್ಲ. ನಿಜ ಬೇರೆ ಇತ್ತು. ಈ ಹಾಳೆ ಬದುಕಿದರೆ ಎರಡು ದಿನ ಪೂರ್ತಿ ಇದೇ ಸಭಾಂಗಣದಲ್ಲಿ, ಬರದ ಮಗಳ ಮಾತೇ ನಡೆಯುತ್ತದೆ. ಯಾಕೆ ಬರುವುದಿಲ್ಲ, ಏನು ನೆಪ ಹೇಳುತ್ತಾಳೆ, ಅವಳನ್ನು ಹೇಗೆ ಲೆಕ್ಕಕ್ಕೆ ಹಿಡಿಯುವುದು ಎಂದು ಹುಡುಗರು ಬೋರ್ಡಿನ ಮೇಲೆ ಬಾಣ ಎಳೆದು ಬರೆಯುತ್ತಾರೆ. ಅವಳೇ ಅವರಿಗೆ ಕಾಫಿ ತಂದುಕೊಡಬೇಕು. ಅವಳು ಬೆರಳನ್ನು ಹೆಬ್ಬೆರಳಿಗೆ ಉಜ್ಜಿದಳು. ಚುಕ್ಕಿ ಸಣ್ಣ ಉಂಡೆಯಾಗಿ ನೆಲಕ್ಕೆ ಬಿತ್ತು. “ಹನ್ನೊಂದು” ಎಂದು ಗಟ್ಟಿಯಾಗಿ ಹೇಳಿ ಮುಂದಿನ ಹಾಳೆಗೆ ಹೋದಳು.

ಭಾವ ತಮ್ಮ ಹಾಳೆಯನ್ನು ತಾವೇ ಗೋಡೆಯಿಂದ ಬಿಡಿಸಿ, ಮೂಲೆ ಹರಿಯದಂತೆ ಸುತ್ತಿ ಇಟ್ಟರು.

ಶನಿವಾರ, ಭಾನುವಾರ ಅವರು ಕಾರು ನಿಲ್ಲಿಸಲು ಖಾಲಿ ಜಾಗ ಹುಡುಕಿಕೊಡುವ ಆ್ಯಪಿನ ತಂಡದಲ್ಲಿದ್ದರು. ಶನಿವಾರದ ಡಯಾಲಿಸಿಸ್‌ಗೆ ಅಕ್ಕ ಅಂಗಡಿಗೆ ರಜೆ ಹಾಕಿ ಹೋಗಿದ್ದಳು. ತಂಡದ ಮಿಕ್ಕವರೆಲ್ಲ ಲ್ಯಾಪ್‌ಟಾಪಿನ ಮುಂದೆ ಕೂತವರು. ಬೀದಿಗೆ ಹೋಗಿ ಕಾರಿನವರನ್ನು ಮಾತಾಡಿಸಿ ಬರಲು ಒಬ್ಬರು ಬೇಕಿತ್ತು. ಭಾವ ಬಿಸಿಲಲ್ಲಿ ಸುತ್ತಿ ಮುಖ ಕೆಂಪಗೆ ಮಾಡಿಕೊಂಡು ಬಂದು, ಯಾರು ಬೈದರು, ಯಾರು ತಮ್ಮನ್ನು ಪಾರ್ಕಿಂಗಿನವನೆಂದೇ ತಿಳಿದು ಕೀಲಿ ಕೈಗೆ ಕೊಟ್ಟರು ಎಂದು ಹೇಳಿ ಎಲ್ಲರನ್ನೂ ನಗಿಸಿದರು. ಆ ನಗೆ ಕೇಳಿದಾಗೆಲ್ಲ ಗಂಟೆ ಮೇಡಂಗೆ ಎಲ್ಲಾದರೂ ಎದ್ದು ಹೋಗೋಣ ಎನಿಸುತ್ತಿತ್ತು. ಎದುರು ಸಿಕ್ಕಾಗ “ಊಟ ಆಯ್ತಾ ಭಾವ?” ಎನ್ನುತ್ತಿದ್ದಳು. ಒಂದೇ ಮಧ್ಯಾಹ್ನ ಮೂರು ಸಲ ಕೇಳಿದಳು. “ಆಯ್ತಮ್ಮ” ಎಂದು ಅವರೂ ಮೂರು ಸಲ ಹೇಳಿದರು. ಭಾನುವಾರ ಅವರ ತಂಡಕ್ಕೆ ಎರಡನೇ ಬಹುಮಾನ ಬಂತು. ಎಲ್ಲರೂ ಹೋದ ಮೇಲೆ ಭಾವ ನಿಂತು ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿಕೊಟ್ಟು ಹೋದರು.

ಮರುದಿನ ಸಂಜೆ ಅವಳು ಅಕ್ಕನ ಮನೆಗೆ ಹೋದಳು, ಹೋಗದೆ ಇರಲಾಗಲಿಲ್ಲ. ಅಮ್ಮ ಒಳಗೆ ಮಲಗಿದ್ದಳು. ಅಕ್ಕ ಒಣಗಿದ ಬಟ್ಟೆ ಮಡಚುತ್ತಿದ್ದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ.

“ಹೋಗಲಿ ಬಿಡೇ, ಎಲ್ಲರಿಗೂ ಸಿಗುತ್ತಾ? ಪಾಪ, ಆ ಒಂದು ನಿಮಿಷದ್ದನ್ನ ಎಷ್ಟು ಸಲ ಹೇಳ್ಕೊಂಡಿದ್ರು ಗೊತ್ತಾ. ಕೇಳಿ ಕೇಳಿ ನನಗೇ ಬಾಯಿಪಾಠ ಆಗಿದೆ.”

“ಕೊನೇಲಿ ಏನಿತ್ತು?” ಇವಳು ಕೇಳಿದಳು. “ಇನ್ನೊಬ್ಬಳು ಮಗಳಿದ್ದಾಳೆ ಅಂದ ಮೇಲೆ?”

ಅಕ್ಕ ಸೀರೆಯ ಅಂಚು ಹಿಡಿದುಕೊಂಡೇ, ಭಾವನ ಧಾಟಿಯಲ್ಲಿ ಗೋಡೆ ನೋಡುತ್ತಾ ಒಪ್ಪಿಸಿದಳು. “ಅವಳು ದುಡಿಯೋದ್ರಿಂದಲೇ ನಮ್ಮ ಅತ್ತೆಯವರಿಗೆ ಚಿಕಿತ್ಸೆ ನಡೀತಿದೆ. ದುಡಿಯೋರಿಗೆ ಕೂರೋಕಾಗಲ್ಲ, ಕೂರೋರಿಗೆ ದುಡಿಯೋಕಾಗಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಆ ಖಾಲಿ ಕುರ್ಚಿ ತುಂಬಿಸೋದಷ್ಟೇ ನಮ್ಮ ಕಂಪನಿ ಕೆಲಸ.” ಮತ್ತೆ ಮಾಮೂಲು ದನಿಗೆ ಇಳಿದಳು. “ಯಾಕೆ, ಇದನ್ನ ಹೇಳಲಿಲ್ವಾ ಅಲ್ಲಿ?”

ವರ್ಷದಿಂದ ಯಾರಾದರೂ ಒಬ್ಬರು ಹೇಳಲಿ ಎಂದು ಇವಳು ಕಾದಿದ್ದ ಮಾತು ಅದು. ಎಲ್ಲರ ಮುಂದೆ, ಗಟ್ಟಿಯಾಗಿ ಹೇಳಲು ಬಂದವರ ಬಾಯನ್ನು ಅವಳ ಕೈಯೇ ಮುಚ್ಚಿಸಿತ್ತು.

ಭಾವ ಅಡುಗೆಮನೆಯಲ್ಲಿ ಕುಕ್ಕರಿನ ಹಿಡಿಗೆ ಸ್ಕ್ರೂ ಬಿಗಿಸುತ್ತಿದ್ದರು. ಅವಳು ಬಾಗಿಲಲ್ಲಿ ನಿಂತಳು.

“ಭಾವ, ಆವತ್ತು ನಾನು ಗಂಟೆ ಮುಂಚೆನೇ ಹೊಡೆದೆ.”

“ಗೊತ್ತು.”

“ಹೇಗೆ ಗೊತ್ತು?”

“ಇಲ್ಲಿ ಮನೆ ಗೋಡೆ ಗಡಿಯಾರ ನೋಡ್ಕೊಂಡೇ ಅಲ್ವಾ ನಾನು ಕಲಿತದ್ದು. 'ಅವಳು' ಅನ್ನೋ ಹೊತ್ತಿಗೆ ಸೆಕೆಂಡ್ ಮುಳ್ಳು ಒಂಬತ್ತರ ಹತ್ರ ಬಂದಿರುತ್ತೆ.”

“ಮತ್ತೆ ಯಾಕೆ ಸುಮ್ಮನಾದ್ರಿ?”

“ಅಷ್ಟು ಜನರ ಎದುರು ನಿನ್ನ ಗಂಟೆ ತಪ್ಪು ಅನ್ನಲಾ?” ಸ್ಕ್ರೂಡ್ರೈವರನ್ನು ಇನ್ನೊಂದು ಸುತ್ತು ತಿರುಗಿಸಿದರು. “ಕೈ ಜಾರಿರಬಹುದು ಅಂದ್ಕೊಂಡೆ.”

“ಆ ಚುಕ್ಕಿ ಭಾವ...”

“ಅದರ ಮಾತು ಬೇಡಮ್ಮ.” ಮೊದಲ ಬಾರಿಗೆ ಅವರ ದನಿ ಗಡುಸಾಯಿತು. “ಗಂಟೆ ಆದ್ರೆ ಏನೋ ಒಂದು ಅಂದ್ಕೋಬಹುದು. ಚುಕ್ಕಿ ನಿನ್ನ ಬೆರಳಲ್ಲೇ ಇತ್ತು.”

ಅವಳು ಅಳು ನುಂಗಿಕೊಂಡಳು. ಅವಳು ಅತ್ತರೆ ಸಮಾಧಾನ ಮಾಡುವ ಕೆಲಸವೂ ಅವರ ತಲೆಗೇ ಕಟ್ಟಿಕೊಳ್ಳುತ್ತಿತ್ತು. ಮುಂದಿನ ಸಲ ಅದನ್ನೇ ಮತ್ತೆ ತನ್ನಿ, ನಾನೇ ಮುಂದೆ ನಿಂತು ಮಾಡಿಸ್ತೀನಿ ಎಂದಳು. ಭಾವ ಕುಕ್ಕರನ್ನು ಸ್ಟ್ಯಾಂಡಿನ ಮೇಲಿಟ್ಟರು.

“ಮುಂದಿನ ಸಲ ಇಲ್ಲ. ಆ ತಂಡದಲ್ಲೊಬ್ಬರ ಮಾವನ ಅಂಗಡಿ ಸಾಲಿದೆ. ಅಲ್ಲಿ ಪಾರ್ಕಿಂಗ್ ನೋಡ್ಕೊಳ್ಳೋಕೆ ಕರೆದಿದ್ದಾರೆ, ನಾಳೆಯಿಂದಲೇ. ಹಗಲು ಪೂರ್ತಿ ಅಲ್ಲೇ ಇರಬೇಕು. ಅತ್ತೆಯವರ ಜೊತೆ ಯಾರು ಹೋಗೋದು ಅಂತ ನೀವಿಬ್ಬರೂ ಮಾತಾಡ್ಕೊಳ್ಳಿ.”

ಮರುದಿನ ಅವಳೇ ಹೋದಳು. ಆಟೋ ಹತ್ತಿಸುವಾಗ ಅಮ್ಮನ ಯಾವ ತೋಳು ಹಿಡಿಯಬೇಕೆಂದು ತಿಳಿಯದೆ, ಸೂಜಿ ಚುಚ್ಚುವ ತೋಳನ್ನೇ ಹಿಡಿದಳು. ಅಮ್ಮ ಮುಖ ಹಿಂಡಿ, “ಪರವಾಗಿಲ್ಲ” ಎಂದಳು. ಒಳಗೆ ಹತ್ತು ಮಂಚ, ಯಂತ್ರಗಳ ಗುರ್ ಎನ್ನುವ ಸದ್ದು, ಕೊಳವೆಯಲ್ಲಿ ರಕ್ತ. ಈ ಸಲ ಫೋನನ್ನು ಚೀಲದೊಳಗೆ ಹಾಕಿ ಕೂತಳು. ಸ್ವಲ್ಪ ಹೊತ್ತಿಗೆ ಅಮ್ಮ ಕಣ್ಣು ಮುಚ್ಚಿದಳು.

ಪಕ್ಕದ ಮಂಚದಲ್ಲಿ ವಯಸ್ಸಾದ ಹೆಂಗಸೊಬ್ಬರು ಒಬ್ಬರೇ ಇದ್ದರು. ಚಳಿಗೆ ಮುದುಡಿಕೊಂಡು, ಬಹಳ ಹೊತ್ತಿನಿಂದ ಇವಳನ್ನೇ ನೋಡುತ್ತಿದ್ದರು.

“ಆ ಅಳಿಯಂದ್ರು ಬರಲಿಲ್ವಾ ಇವತ್ತು?”

“ಕೆಲಸ ಸಿಕ್ತು ಅವರಿಗೆ. ಇನ್ನು ಬರಲ್ಲ.”

“ಒಳ್ಳೇದಾಯ್ತು, ಪಾಪ.” ಆಕೆ ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡರು. “ನನಗೂ ಹೊದಿಕೆ ಸರಿ ಮಾಡೋರು, ಪೇಪರ್ ಓದಿ ಹೇಳೋರು. ಇಲ್ಲಿಗೆಲ್ಲ ಜನ ಬಂದು ಕೂರೋ ಹಾಗೆ ಏನೋ ಮಾಡ್ತೀನಿ ಅಂತಿದ್ರು. ನಮ್ಮ ನಾದಿನಿ ಒಬ್ಬಳಿದ್ದಾಳೆ, ಗುರುತಿಲ್ಲದವರನ್ನ ಒಟ್ಟು ಸೇರಿಸೋದ್ರಲ್ಲಿ ಎತ್ತಿದ ಕೈ, ಅವಳಿರುವಾಗ ಯೋಚನೆ ಇಲ್ಲ ಅಂತಿದ್ರು. ಏನಾಯ್ತು, ಸೇರಿದ್ರಾ ಜನ?”

ಗಂಟೆ ಮೇಡಂ ಎದ್ದು ಹೋಗಿ ಆಕೆಯ ಹೊದಿಕೆಯನ್ನು ಪಾದದವರೆಗೆ ಎಳೆದಳು. ಅಲ್ಲಿಂದಲೇ, ಮುಖ ಎತ್ತದೆ, ಉತ್ತರ ಕೊಟ್ಟಳು.

“ಇಲ್ಲ. ಒಬ್ಬರು ಕಡಿಮೆ ಬಿದ್ರು.”

“ಅಯ್ಯೋ, ಒಬ್ಬರೇನಾ?” ಆಕೆ ನಿಜವಾಗಿಯೂ ಬೇಸರಪಟ್ಟುಕೊಂಡರು. “ಇಷ್ಟು ದೊಡ್ಡ ಊರಲ್ಲಿ ಇನ್ನೊಬ್ಬರು ಸಿಗಲಿಲ್ವಾ?”