‘ರಾಜಿ’ ಎಂಬ ಶಬ್ದದ ಮೇಲೊಂದು ದೂರು

ನಮ್ಮ ವಕೀಲರ ಮೇಲೆ ನಾವು ದೂರು ಕೊಟ್ಟಿದ್ದೇವೆ ಎಂಬುದು ಭಂಕೂರಿನಲ್ಲಿ ಎಲ್ಲರಿಗೂ ಗೊತ್ತು. ಯಾಕೆ ಕೊಟ್ಟಿರಿ ಎಂದು ಕೇಳಿದವರು ಕಡಿಮೆ. ತಾಯಿ ಮಗಳಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದವರೇ ಹೆಚ್ಚು. ಅಂಥವರಿಗೆ ನಾನು ಚಹಾ ಕೊಡುವುದನ್ನು ಬಿಟ್ಟಿದ್ದೇನೆ.

ಸಂಗತಿ ಹೀಗಿದೆ. ನಮ್ಮ ಮನೆಯ ಮಗ್ಗುಲಿಗೆ ಒಂದು ಸಂದಿ. ಹಿತ್ತಲ ಕೊಟ್ಟಿಗೆಯಲ್ಲಿರುವ ಅವ್ವನ ಎಮ್ಮೆಗಳು ಆ ಸಂದಿಯಿಂದಲೇ ರಸ್ತೆಗೆ ಬರಬೇಕು. ಪಕ್ಕದ ಕಲ್ಲು ಪಾಲಿಶ್ ಕಾರ್ಖಾನೆಯ ಮಾಲೀಕ ಅಲ್ಲಿ ಮೊದಲು ಒಡೆದ ಪರಸಿಕಲ್ಲು ಒಟ್ಟಿದ, ಆಮೇಲೆ ತಂತಿ ಬಿಗಿದ, ಆಮೇಲೆ ಜಾಗವೇ ತನ್ನದೆಂದ. ಅಪ್ಪ ತೀರಿಕೊಂಡ ಮೇಲೆ ಅವ್ವ ಮೂಲೆ ಹಿಡಿಯದೆ ಎದ್ದು ಓಡಾಡಿದ್ದು ಈ ಎಮ್ಮೆಗಳ ದೆಸೆಯಿಂದ. ಬೆಳಿಗ್ಗೆ ಎದ್ದರೆ ಮೊದಲ ಮಾತು ಅವುಗಳ ಜೊತೆ, ನನ್ನ ಸರದಿ ಆಮೇಲೆ. ದಾರಿ ಹೋದರೆ ಎಮ್ಮೆಗಳನ್ನು ಮಾರಬೇಕು. ಎಮ್ಮೆ ಮಾರಿದ ಮನೆಯಲ್ಲಿ ಅವ್ವ ಹೇಗಿರುತ್ತಾಳೆಂದು ಯೋಚಿಸಲೂ ನನಗೆ ಭಯ. ಅದಕ್ಕೇ ಕೋರ್ಟಿಗೆ ಹೋದೆವು.

ವಕೀಲರು ಶಹಾಬಾದಿನವರು, ದೊಡ್ಡ ಮಾತಿನವರು. ‘ನೀವ್ ಆರಾಮ ಕುಂದ್ರಿ ಟೀಚರ್, ನಾ ನೋಡ್ಕೋತೀನಿ’ ಎನ್ನುತ್ತಿದ್ದರು. ನಾನು ವಾಡಿಯ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಒಂದು ತಾರೀಖಿನ ದಿನ ಮಕ್ಕಳ ಪರೀಕ್ಷೆ ಇತ್ತು, ರಜೆ ಸಿಗಲಿಲ್ಲ. ಅವ್ವ ಒಬ್ಬಳೇ ಚಿತ್ತಾಪುರದ ಕೋರ್ಟಿಗೆ ಹೋಗಿ ಸಂಜೆ ನಗುತ್ತ ಬಂದಳು.

‘ಕೆಲಸ ಆತಂತ ನೋಡವ್ವಾ. ವಕೀಲ ಸಾಹೇಬ್ರು ರಾಜಿ ಅದೀರಿಲ್ರಿ ಅಂತ ಕೇಳಿದ್ರು. ಭಾಳ ರಾಜಿ ಅದೀನ್ರಿ ಅಂದೆ. ಸಹಿ ಮಾಡ್ರಿ ಅಂದ್ರು, ಮಾಡ್ದೆ. ಒಳಗ ಜಡ್ಜ್ ಸಾಹೇಬ್ರು ಕೇಳಿದಾಗೂ ರಾಜಿ ಅದೀನಿ ಅಂದೆ.’

ನಮ್ಮ ಮನೆಯಲ್ಲಿ ರಾಜಿ ಎಂದರೆ ಸಂತೋಷ. ಬೀಗರು ಉಂಡು ಎದ್ದಾಗ ಅವ್ವ ‘ರಾಜಿ ಆದ್ರಿಲ್ರಿ?’ ಎಂದು ಕೇಳುತ್ತಾಳೆ. ಹೆಣ್ಣು ಕೊಟ್ಟ ಮನೆಯಿಂದ ಫೋನು ಬಂದರೆ ‘ರಾಜಿ ಖುಷಿ ಅದಾರಿಲ್ಲೋ?’ ಎನ್ನುತ್ತಾಳೆ. ತಮ್ಮ ಕೆಲಸ ಹಿಡಿಸಿತೋ ಇಲ್ಲವೋ ಎಂದು ವಕೀಲರು ಕೇಳುತ್ತಿದ್ದಾರೆ, ಪಾಪ, ಎಷ್ಟು ಮರ್ಯಾದಸ್ಥರು ಎಂದುಕೊಂಡು ಬಾಯಿ ತುಂಬ ಹೇಳಿ ಬಂದಿದ್ದಳು. ಆದೇಶದ ನಕಲು ಕೈಗೆ ಬಂದಾಗ ತಿಳಿಯಿತು. ಎರಡೂ ಕಡೆಯವರು ರಾಜಿಯಾಗಿದ್ದಾರೆ, ಸಂದಿಯ ಮೇಲೆ ನಮಗೆ ಯಾವ ಹಕ್ಕೂ ಇಲ್ಲ.

ನಾನು ಸೀದಾ ವಕೀಲರ ಮನೆಗೆ ಹೋದೆ.

‘ನಿಮ್ಮವ್ವನೇ ರಾಜಿ ಅಂದಾರ್ರಿ. ನಾ ಏನ್ ಬಾಯಾಗ ಕೈ ಹಾಕಿ ಅನ್ನಿಸೀನೇನು?’ ಎಂದರು.

‘ದಾರಿ ಬಿಟ್ಟುಕೊಡಾಕತ್ತೀರಿ ಅಂತ ಆಕಿಗೆ ಹೇಳೀರೇನ್ರಿ?’

‘ರಾಜಿ ಅನ್ನೂದು ಎಲ್ಲಾರಿಗೂ ಗೊತ್ತಿರೂ ಮಾತರಿ. ನೀವೇ ಕನ್ನಡ ಕಲಸ್ತೀರಿ, ನಿಮ್ಮವ್ವಗ ಒಂದೀಟು ಕಲಸಬೇಕಿತ್ತು’ ಎಂದು ನಕ್ಕರು.

ಆ ನಗುವಿಗೆ ನನ್ನ ಮೈ ಉರಿದುಹೋಯಿತು. ಅವರೂ ಇದೇ ಸೀಮೆಯವರು. ಅವರ ಮನೆಯಲ್ಲೂ ಬೀಗರನ್ನು ಹೀಗೇ ಕೇಳುತ್ತಾರೆ. ಅವ್ವನ ಕಿವಿಗೆ ಆ ಶಬ್ದ ಹೇಗೆ ಬೀಳುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಆಡಿದ್ದರು. ನನ್ನವ್ವನ ಒಳ್ಳೆಯ ಮಾತನ್ನು ತೆಗೆದುಕೊಂಡು ಅವಳ ಮೇಲೆಯೇ ಹೊಡೆದಿದ್ದರು. ಬಿಡಬಾರದು ಎಂದು ಅವರ ಮೆಟ್ಟಿಲು ಇಳಿಯುವಾಗಲೇ ನಿರ್ಧರಿಸಿದೆ.

ವಕೀಲರ ನಡತೆಯ ಮೇಲೆ ದೂರು ಕೊಡಲು ವಕೀಲರದೇ ಪರಿಷತ್ತು ಬೆಂಗಳೂರಿನಲ್ಲಿದೆ. ದೂರನ್ನು ನಾನೇ ಬರೆದೆ. ಬರೆಯುವುದು ಕಷ್ಟವಾಗಲಿಲ್ಲ, ಸಿಟ್ಟು ತಾನೇ ಬರೆಸಿಕೊಂಡಿತು. ಕಷ್ಟವಾದದ್ದು ಪ್ರಮಾಣಪತ್ರಕ್ಕೆ ನೋಟರಿಯ ಸಿಕ್ಕಾ ಹಾಕಿಸುವುದು. ನೋಟರಿಗಳೂ ವಕೀಲರೇ. ನಮ್ಮ ಊರ ಕಡೆಯ ನೋಟರಿಯೊಬ್ಬರು ಮೊದಲ ಪುಟ ಓದಿ ಚಷ್ಮಾ ತೆಗೆದಿಟ್ಟು ಊಟಕ್ಕೆ ಹೋದರು, ಬರಲೇ ಇಲ್ಲ. ಸೇಡಂನಲ್ಲಿ ಒಬ್ಬರು ‘ನಾಳಿ ಅವರ ಮಾರಿ ನಾ ನೋಡಬೇಕಲ್ರಿ’ ಎಂದರು. ನನ್ನವ್ವ ದಿನಾ ಆ ಸಂದಿಯ ಮಾರಿ ನೋಡಬೇಕಲ್ಲ ಎಂದು ಹೇಳಿ ಎದ್ದುಬಂದೆ.

ಕೊನೆಗೆ ಅವ್ವನನ್ನು ಕರೆದುಕೊಂಡು ಚಿಂಚೋಳಿ ಬಸ್ಸು ಹತ್ತಿದೆ. ಅಲ್ಲಿನ ನೋಟರಿ ವಯಸ್ಸಾದ ಹೆಣ್ಣುಮಗಳು, ಮಾತಿನಲ್ಲಿ ತೆಲುಗಿನ ರಾಗ. ಸಿಕ್ಕಾ ಕೈಗೆತ್ತಿಕೊಂಡವರು ಹಾಗೇ ನಿಂತು ಅವ್ವನ ಕಡೆ ತಿರುಗಿದರು.

‘ಇದರಾಗ ಏನ್ ಬರದಾರ ಗೊತ್ತೇನಮ್ಮಾ?’

‘ನನ್ ಮಗಳು ಬರದಾಳ್ರಿ.’

‘ಮಗಳು ಬರದ್ರೇನು, ಸಹಿ ನಿಂದಲ್ಲ? ಓದಿ ಹೇಳಮ್ಮಾ ಆಕಿಗೆ’ ಎಂದು ನನಗೆ ಗದರಿದರು.

ಓದಿದೆ. ಅವ್ವ ಒಂದೊಂದು ಸಾಲಿಗೂ ಅಂದ್ರೇನು ಎಂದು ಕೇಳಿದಳು, ನಾನು ಬಿಡಿಸಿ ಹೇಳಿದೆ, ಆ ಅಮ್ಮ ಹೊರಗೆ ಕಾಯುತ್ತಿದ್ದವರನ್ನು ಕಾಯಿಸಿಯೇ ಕೇಳುತ್ತ ಕೂತರು. ಎಲ್ಲ ಮುಗಿದ ಮೇಲೆ ಅವ್ವ ತನ್ನ ಸೊಟ್ಟ ಅಕ್ಷರದಲ್ಲಿ ಸಹಿ ಮಾಡಿದಳು. ಬಸ್ಸಿನಲ್ಲಿ ಬರುವಾಗ ‘ಕೇಳಿದ್ರ ಹೇಳ್ತಾರ ನೋಡು’ ಎಂದಳು. ನನಗೆ ಅಳು ಬಂತು, ಕಿಟಕಿಯ ಕಡೆ ಮುಖ ಮಾಡಿದೆ.

ದೂರು ಹೋಯಿತು. ರಾಜಿ ರದ್ದು ಮಾಡಿ ಎಂದು ಬೇರೆ ವಕೀಲರ ಕೈಯಿಂದ ಅರ್ಜಿಯೂ ಹೋಯಿತು. ಅಷ್ಟರಲ್ಲಿ ಕಾರ್ಖಾನೆಯವನು ಸಂದಿಗೆ ಗೋಡೆ ಎಬ್ಬಿಸಿದ. ಎಮ್ಮೆ ಮಾರಲು ಇದೇ ಹೊತ್ತು ಎಂದು ಊರವರು ಹೇಳಿದರು. ಅವ್ವ ಪಡಸಾಲೆಯ ಚಾಪೆ ಸುತ್ತಿಟ್ಟು, ಮುಂಬಾಗಿಲು ಹಿಂಬಾಗಿಲು ಎರಡನ್ನೂ ತೆರೆದು, ಎಮ್ಮೆಗಳನ್ನು ಮನೆಯೊಳಗಿಂದಲೇ ಹಾಯಿಸತೊಡಗಿದಳು. ನಾನು ಸಗಣಿ ಬಳಿದು ಶಾಲೆಗೆ ಹೋಗುತ್ತೇನೆ. ನನಗೇನೂ ನಾಚಿಕೆಯಿಲ್ಲ.

ಪರಿಷತ್ತಿನ ನೋಟಿಸು ಮುಟ್ಟಿದ ಮೇಲೆ ಒಂದು ಸಂಜೆ ವಕೀಲರು ಬಂದರು, ಅವ್ವನ ತಮ್ಮನನ್ನು ಮುಂದಿಟ್ಟುಕೊಂಡು. ಇಬ್ಬರೂ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು.

‘ಅಕ್ಕಾ, ದೂರು ಹಿಂದಕ್ಕ ತಗೊಂಬಿಡು. ಸಾಹೇಬ್ರು ಮನಿ ತನಕ ಬಂದಾರ’ ಎಂದ ಮಾಮ.

ವಕೀಲರು ಅವ್ವನಿಗೆ ಕೈ ಮುಗಿದರು. ‘ಏನೋ ಗೈರಸಮಜು ಆಗೇದರಿ, ತಪ್ಪು ತಿಳ್ಕೊಂಡೀರಿ. ನಮ್ಮ ನಮ್ಮೊಳಗ ರಾಜಿ ಆಗೂಣು.’

ನಾನು ಬಾಯಿ ತೆಗೆದೆ. ಅವ್ವ ಕೈ ಅಡ್ಡ ಹಿಡಿದಳು.

‘ರಾಜಿ ಅಂದ್ರೇನ್ರಿ ಸಾಹೇಬ್ರ? ಬಿಡಿಸಿ ಹೇಳ್ರಿ. ಆವತ್ತು ನಾ ಕೇಳಲಿಲ್ಲ.’

‘ರಾಜಿ ಅಂದ್ರ… ಅವರೊಂದಿಷ್ಟು ಬಿಡೂದು, ನಾವೊಂದಿಷ್ಟು ಬಿಡೂದು.’

‘ನಾ ದಾರಿ ಬಿಟ್ಟೆ. ಅವರೇನ್ ಬಿಟ್ರು?’

ವಕೀಲರು ಕೈಗಡಿಯಾರ ನೋಡಿಕೊಂಡರು. ಮಾಮ ಅವರ ಮುಖ ನೋಡಿದ. ಆಮೇಲೆ ತನ್ನ ಕುರ್ಚಿಯನ್ನು ಎಳೆದು ಅವ್ವನ ಮಗ್ಗುಲಿಗೆ ಹಾಕಿಕೊಂಡ.

ಅಷ್ಟರಲ್ಲಿ ಅಂಗಳದಲ್ಲಿ ಗೊರಸಿನ ಸಪ್ಪಳವಾಯಿತು. ಮುಂದಿನ ಎಮ್ಮೆ ಆಗಲೇ ಹೊಸ್ತಿಲೊಳಗೆ ತಲೆ ಹಾಕಿತ್ತು.

‘ಏಳ್ರಿ ಸಾಹೇಬ್ರ’ ಎಂದಳು ಅವ್ವ. ‘ಅವಕ್ಕ ಬ್ಯಾರೆ ದಾರಿ ಇಲ್ಲ.’